ಕೆರೆಯೊಡತಿಯ ಮುಖ

ಶೀತಲ್ ಆ ವಾರ ಬರೆದು ಅಳಿಸಿದ ಮುದುಕಿಯರಿಗೆ ಲೆಕ್ಕವಿರಲಿಲ್ಲ. ಒಬ್ಬಳಿಗೆ ಕೋರೆಹಲ್ಲು, ಇನ್ನೊಬ್ಬಳಿಗೆ ನೀರುಹಾವಿನಂಥ ಜಡೆ, ಮತ್ತೊಬ್ಬಳಿಗೆ ಮೈತುಂಬ ಪಾಚಿ. ವೈಟ್‌ಫೀಲ್ಡಿನ ಒಂದು ಗೇಮ್ ಸ್ಟುಡಿಯೋದಲ್ಲಿ ಅವಳು ಕಾನ್ಸೆಪ್ಟ್ ಆರ್ಟಿಸ್ಟ್. ಆಟವೊಂದು ತಯಾರಾಗುವ ಮೊದಲು ಅದರೊಳಗಿನ ಊರು ಹೇಗಿರಬೇಕು, ಆಕಾಶ ಯಾವ ಬಣ್ಣದ್ದು, ಅಲ್ಲಿ ಓಡಾಡುವವರ ಮೈಕಟ್ಟು, ಬಟ್ಟೆಬರೆ ಎಂಥವು ಎಂದು ಚಿತ್ರ ಬರೆದು ತೋರಿಸುವುದು ಅವಳ ಕೆಲಸ. ಅವಳು ಬರೆದದ್ದಕ್ಕೆ ಆಮೇಲೆ ಬೇರೆಯವರು ಮೈ ಕೊಡುತ್ತಾರೆ, ನಡಿಗೆ ಕೊಡುತ್ತಾರೆ, ದನಿ ಕೊಡುತ್ತಾರೆ.

ಈ ಸಲದ ಆಟದಲ್ಲಿ ದೋಣಿ ಹತ್ತಿ ಹೊರಟ ಯುವಕನೊಬ್ಬ ನೀರಿನಲ್ಲಿ ಮುಳುಗಿಹೋದ ನಾಡನ್ನು ದಾಟಿ ಹೋಗಬೇಕು. ಕೊನೆಯ ಕೆರೆಯನ್ನು ಒಬ್ಬ ಮುದುಕಿ ಕಾಯುತ್ತಾಳೆ. ಅವಳನ್ನು ಕೊಲ್ಲದೆ ಆಟ ಮುಗಿಯುವುದಿಲ್ಲ. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕೆರೆಯೊಡತಿ ಎಂದು ಕರೆಯುತ್ತಿದ್ದರು. ಹೆಸರು ಇತ್ತು, ಮುಖ ಇರಲಿಲ್ಲ.

"ಭಯ ಬೀಳ್ಸೋದು ಸುಲಭ ಶೀತಲ್," ಎಂದ ಸಿದ್ದಾರ್ಥ್. ಆಟದ ಚಿತ್ರಗಳಿಗೆಲ್ಲ ಅವನೇ ಮುಖ್ಯಸ್ಥ. ಮೆತ್ತಗಿನ ಮಾತಿನವನು, ಆ ಮೆತ್ತಗಿನ ಮಾತಿನಲ್ಲೇ ಒಂದು ವಾರದ ಕೆಲಸವನ್ನು ಪಕ್ಕಕ್ಕೆ ಸರಿಸಿಬಿಡುತ್ತಿದ್ದ. "ಇವಳನ್ನ ನೋಡಿದ್ರೆ ಆಡೋನು ಒಂದ್ ಸಲ ಕೈ ತಡೀಬೇಕು. ಇವಳಿಗೆ ನನ್ನ ಬಗ್ಗೆ ಏನೋ ಗೊತ್ತಿದೆ ಅನ್ನಿಸ್ಬೇಕು. ನೀನು ಬರ್ದಿರೋದು ಮುಖವಾಡ. ಮುಖ ಅಲ್ಲ."

ಅವನು ಹೇಳಿದ್ದು ಸರಿ ಎಂದು ಶೀತಲ್‌ಗೂ ಗೊತ್ತಿತ್ತು. ಅದಕ್ಕೇ ಹೆಚ್ಚು ಬೇಸರವಾಯಿತು.

ಅವಳು, ಗಂಡ ಈರೇಶ್ ಇಬ್ಬರೂ ದಾವಣಗೆರೆ ಕಡೆಯವರು. ಬ್ರೂಕ್‌ಫೀಲ್ಡಿನ ಹಿಂಬದಿಯ ಗಲ್ಲಿಯೊಂದರಲ್ಲಿ, ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಕಟ್ಟಡದ ಯಜಮಾನಿ ಅಂಜಿನಮ್ಮ ನೆಲಮಹಡಿಯಲ್ಲಿ ಮಗ ಸೊಸೆಯ ಜೊತೆಗಿದ್ದಳು. ಆ ಗಲ್ಲಿಯ ಅರ್ಧ ಭಾಗ ಒಂದು ಕಾಲಕ್ಕೆ ಅವರದೇ ರಾಗಿ ಹೊಲ. ಈಗ ಹೊಲದ ಜಾಗದಲ್ಲಿ ಕಟ್ಟಡಗಳು ಎದ್ದಿದ್ದರೂ ಅಂಜಿನಮ್ಮನ ದಿನಚರಿ ಬದಲಾಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಏನಾದರೊಂದನ್ನು ಮೊರಕ್ಕೆ ಹಾಕಿಕೊಂಡು ತಾರಸಿಗೆ ಬಂದು ಕೂರುತ್ತಿದ್ದಳು.

ಆ ಭಾನುವಾರ ಬೆಳಗ್ಗೆ ಶೀತಲ್ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಅಂಜಿನಮ್ಮ ಕೈಪಿಡಿ ಗೋಡೆಗೆ ಒರಗಿ ಕೆಳಗೆ ನೋಡುತ್ತಿದ್ದಳು. ಕೆಳಗೆ ನೀರಿನ ಟ್ಯಾಂಕರಿನವನು ತಡವಾಗಿದ್ದಕ್ಕೆ ಏನೋ ಕಾರಣ ಹೇಳುತ್ತಿದ್ದ. ಅಂಜಿನಮ್ಮ ಬೈಯಲಿಲ್ಲ. ಸುಮ್ಮನೆ ನೋಡುತ್ತ ನಿಂತಳು. ಟ್ಯಾಂಕರಿನವನ ಮಾತು ಅರ್ಧಕ್ಕೇ ನಿಂತು, ಅವನು ತಲೆ ತಗ್ಗಿಸಿ ಪೈಪು ಎಳೆಯತೊಡಗಿದ.

ಆಗ ಶೀತಲ್ ಅವಳ ಮುಖವನ್ನು ಮೊದಲ ಬಾರಿಗೆ ಎಂಬಂತೆ ನೋಡಿದಳು. ಎಡಹುಬ್ಬಿನಿಂದ ಕೆನ್ನೆಯವರೆಗೆ ಹಳೆಯ ಗಾಯದ ಗೆರೆ ಇಳಿದಿತ್ತು. ಅದು ಎಳೆದು ಹಿಡಿದಂತೆ ಆ ಕಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು. ಬಲಗಣ್ಣು ಪೂರ್ತಿ ತೆರೆದು ಎದುರಿಗಿರುವುದನ್ನು ನೋಡಿದರೆ, ಎಡಗಣ್ಣು ಬಾಗಿಲ ಸಂದಿಯಿಂದ ಇಣುಕುವಂತೆ ಇನ್ನೇನನ್ನೋ ನೋಡುತ್ತಿತ್ತು. ಶೀತಲ್‌ಗೆ ಬಟ್ಟೆ ಮರೆತುಹೋಯಿತು. ಕೆಳಗೋಡಿ ಚಿತ್ರ ಬರೆಯುವ ಟ್ಯಾಬ್ಲೆಟ್ ತಂದು, ನೀರಿನ ಸಿಂಟೆಕ್ಸ್‌ನ ಮರೆಯಲ್ಲಿ ಕೂತು ಬರೆಯತೊಡಗಿದಳು. ಅಂಜಿನಮ್ಮ ಅವರೆಕಾಯಿ ಸುಲಿಯಲು ಕೂತಿದ್ದಳು, ತಿರುಗಿ ನೋಡಲಿಲ್ಲ. ಕೈ ತಾನಾಗಿ ಓಡುತ್ತಿತ್ತು. ಕೆಲಸ ಹೀಗೆ ಕೂಡಿಬಂದು ಎಷ್ಟು ದಿನವಾಗಿತ್ತೋ.

ಸೋಮವಾರ ಸಿದ್ದಾರ್ಥ್ ಆ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ.

"ಆ ಕಣ್ಣು," ಎಂದ ಕೊನೆಗೆ. "ಇದೇ ಬೇಕಾಗಿದ್ದಿದ್ದು."

ಅಲ್ಲಿಂದ ಮುಂದೆ ಎಲ್ಲ ಸರಾಗ. ಚಿತ್ರಕ್ಕೆ ಮೂರು ಆಯಾಮದ ಮೈ ಕೊಡುವ ಹನುಮೇಶ ಆ ಒಂದು ರೆಪ್ಪೆಯ ಮಡಿಕೆಗಳ ಮೇಲೆ ಪಟ್ಟು ಹಿಡಿದು ಕೆಲಸ ಮಾಡಿದ. ಆಟದ ನಿಯಮ ಕಟ್ಟುವವರು, ಕೆರೆಯೊಡತಿಯ ಶಕ್ತಿಯೆಲ್ಲ ಆ ಕಣ್ಣಿನಲ್ಲೇ ಇರಲಿ ಎಂದು ತೀರ್ಮಾನಿಸಿದರು. ಕ್ಯಾಂಟೀನಿನಲ್ಲಿ ಜನ ಶೀತಲ್‌ಳನ್ನು ಹುಡುಕಿಕೊಂಡು ಬಂದು ಕೈ ಕುಲುಕಿದರು.

ಮನೆಯಲ್ಲಿ ಒಮ್ಮೆ ಅವಳ ಪರದೆಯನ್ನು ಇಣುಕಿ ನೋಡಿದ ಈರೇಶ್, "ಇದು ನಮ್ಮ ಓನರ್ ಅಮ್ಮ ಅಲ್ವಾ?" ಎಂದ.

"ಅವ್ರನ್ನ ನೋಡಿ ಹೊಳೀತು ಅಷ್ಟೆ. ಕೊಂಬು, ಪಾಚಿ ಎಲ್ಲ ಇದೆ ನೋಡು. ಯಾರಿಗ್ ಗೊತ್ತಾಗುತ್ತೆ?"

"ನಂಗೆ ಗೊತ್ತಾಯ್ತಲ್ಲ," ಎಂದು ಅವನು ಟೀ ಮಾಡಲು ಹೋದ. ಆ ಮಾತು ಅಲ್ಲಿಗೇ ಮುಗಿಯಿತು.

ಆಟದ ಟ್ರೇಲರ್ ಬಿಡುಗಡೆಯಾದದ್ದು ಸಂಕ್ರಾಂತಿ ಕಳೆದ ಮೇಲೆ. ಜನ ಮುಗಿಬಿದ್ದು ನೋಡಿದರು. ಎಲ್ಲೆಲ್ಲಿಯವರೋ ಕೆರೆಯೊಡತಿಯ ಮುಖವನ್ನು ತಮ್ಮ ಖಾತೆಗಳಿಗೆ ಚಿತ್ರವಾಗಿ ಹಾಕಿಕೊಂಡರು. ಮರುದಿನ ಸಂಜೆ ಶೀತಲ್ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಾಗ ಅಂಜಿನಮ್ಮನ ಮೊಮ್ಮಗಳು ಪ್ರಿಯಾಂಕಾ ಬಾಗಿಲಲ್ಲಿ ಕಾಯುತ್ತಿದ್ದಳು. ಕಾಲೇಜು ಓದುವ ಹುಡುಗಿ. ಯಾವಾಗಲೂ ಬಾಯಿತುಂಬ ಮಾತಾಡುವವಳು ಆವತ್ತು ಸಪ್ಪಗಿದ್ದಳು.

"ಅಕ್ಕ, ಅಜ್ಜಿ ಕರೀತಿದಾರೆ. ಟ್ರೇಲರ್ ನಾನೇ ತೋರಿಸ್ಬಿಟ್ಟೆ. ಖುಷಿ ಪಡ್ತಾರೆ ಅನ್ಕೊಂಡೆ."

ಅಂಜಿನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಶೀತಲ್ ಎಷ್ಟೋ ಸಲ ಬಂದುಹೋದ ಮನೆ ಅದು. ಗೋಡೆಯ ಮೇಲೆ ಸಾಲಾಗಿ ಫೋಟೋಗಳು: ಅಂಜಿನಮ್ಮನ ಮದುವೆ, ಮಗನ ಮದುವೆ, ತಿರುಪತಿಗೆ ಹೋದಾಗ ತೆಗೆಸಿದ್ದು, ಗೃಹಪ್ರವೇಶದ್ದು. ಅವೆಲ್ಲದರಲ್ಲೂ ಅಂಜಿನಮ್ಮ ಒಂದೇ ಬದಿಗೆ ತಿರುಗಿ ನಿಂತಿದ್ದಾಳೆ ಎಂಬುದು ಆವತ್ತೇ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ಬಲಗೆನ್ನೆ, ಬಲಗಣ್ಣು, ಬಲಮೂಗಿನ ಬೊಟ್ಟು. ಮುಖದ ಎಡಭಾಗ ಒಂದರಲ್ಲೂ ಇರಲಿಲ್ಲ.

"ಕೂತ್ಕೊಳವ್ವ," ಎಂದಳು ಅಂಜಿನಮ್ಮ. "ನೀನೇನಾ ಇದ್ನ ಬರ್ದಿದ್ದು?"

"ಹೌದಮ್ಮ."

"ಪ್ರಿಯಾಂಕಾ, ಇನ್ನೊಂದ್ ಸಲ ಆಕು."

ಅಂಜಿನಮ್ಮನ ಕೈಯಲ್ಲಿದ್ದ ಫೋನಿನ ಪರದೆಯಲ್ಲಿ ಕೆರೆ ಸೀಳಿಕೊಂಡು ಮುದುಕಿ ಎದ್ದಳು. ಮೈಯಿಂದ ನೀರು ಧಾರೆಯಾಗಿ ಇಳಿಯಿತು. ಅರ್ಧ ಮುಚ್ಚಿದ ರೆಪ್ಪೆಯ ಒಳಗಿಂದ ಹಸಿರು ಬೆಳಕು ಹೊಮ್ಮಿತು. ದೋಣಿಯ ಯುವಕ ಈಟಿ ಎತ್ತಿ ಗುರಿಯಿಟ್ಟು ಆ ಕಣ್ಣಿಗೇ ಎಸೆದ.

"ಆ ಕಣ್ಗೇ ಯಾಕೆ ಒಡೀತಾನೆ?"

"ಆಟದಲ್ಲಿ ಹಾಗಿದೆ ಅಮ್ಮ. ಅವಳ ಶಕ್ತಿಯೆಲ್ಲ ಅಲ್ಲಿರೋದು. ಬೇರೆ ಎಲ್ಲಿ ಹೊಡೆದ್ರೂ ಅವಳಿಗೆ ಏನೂ ಆಗಲ್ಲ."

"ಆಡೋರೆಲ್ಲ ಅಲ್ಗೇ ಒಡೀಬೇಕಾ?"

"ಹೌದು."

ಅಂಜಿನಮ್ಮ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟಳು. ಶೀತಲ್‌ಗೆ ಏನಾದರೂ ಹೇಳಲೇಬೇಕು ಅನ್ನಿಸಿತು. "ನಾನು ಕೆಟ್ಟದಾಗಿ ಬರೀಬೇಕು ಅಂತ ಬರೀಲಿಲ್ಲ ಅಮ್ಮ. ನಿಮ್ಮ ಮುಖದಲ್ಲಿ ಒಂದು ಗತ್ತಿದೆ. ಎಲ್ಲರೂ ತುಂಬಾ ಚೆನ್ನಾಗಿದೆ ಅಂದ್ರು."

"ಚೆನ್ನಾಗೈತೆ. ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ." ದನಿ ಏರಲಿಲ್ಲ. "ನನ್ ಮದ್ವೇಲಿ ಫೋಟೋದೋನು ಈ ಕಡೆ ತಿರೀಕೊ ತಾಯಿ ಅಂದ. ಅವತ್ತಿಂದ ಇನ್ನೊಂದ್ ಕಡೆ ಮೊಕಾನ ನಾನ್ ಯಾರ್ಗೂ ಕೊಟ್ಟಿಲ್ಲ. ನೀನು ಕೇಳ್ದೆ ತಕ್ಕೊಂಡೋಗ್ಬಿಟ್ಟೆ."

ಶೀತಲ್ ಕ್ಷಮಿಸಿ ಎಂದಳು. ಅಂಜಿನಮ್ಮ ಆಗಲಿ ಎಂದು ತಲೆಯಾಡಿಸಿ ಸೊಸೆಗೆ ಕಾಫಿ ಇಡಲು ಹೇಳಿದಳು. ಆ ಕಾಫಿಯನ್ನು ಕುಡಿದು ಮುಗಿಸುವುದೇ ಶೀತಲ್‌ಗೆ ದೊಡ್ಡ ಕೆಲಸವಾಯಿತು.

ಆಮೇಲಿನ ದಿನಗಳಲ್ಲಿ ಅಂಜಿನಮ್ಮ ತಾರಸಿಗೆ ಬರುವುದು ನಿಂತುಹೋಯಿತು. ಟ್ಯಾಂಕರಿನವನ ಜೊತೆ ಮಾತಿಗೆ ಮಗನೇ ಹೊರಗೆ ಬರತೊಡಗಿದ. ಒಂದು ಸಂಜೆ ಬೇಕರಿಯ ಹತ್ತಿರ ಶೀತಲ್ ಅವಳನ್ನು ದೂರದಿಂದ ಕಂಡಳು. ಸೆರಗನ್ನು ತಲೆಯ ಮೇಲಿಂದ ಎಳೆದು ಎಡಗೆನ್ನೆಗೆ ಒತ್ತಿ ಹಿಡಿದುಕೊಂಡು ನಡೆಯುತ್ತಿದ್ದಳು. ಶೀತಲ್‌ಳ ಪಕ್ಕದಲ್ಲೇ ಸ್ಕೂಟರಿನ ಮೇಲೆ ಕೂತಿದ್ದ ಇಬ್ಬರು ಹುಡುಗರಲ್ಲಿ ಒಬ್ಬ, "ಮಚ್ಚಾ, ಲಾಸ್ಟ್ ಲೆವೆಲ್ ಅಜ್ಜಿ ಕಣೋ," ಎಂದ. ಜೋರಾಗಿ ಹೇಳಿದ್ದಲ್ಲ, ನಗಿಸಲು ಹೇಳಿದ್ದು. ಅಂಜಿನಮ್ಮನಿಗೆ ಕೇಳಿಸಿತೋ ಇಲ್ಲವೋ, ಅವಳು ನಡಿಗೆ ಬದಲಿಸಲಿಲ್ಲ. ಆದರೆ ಶೀತಲ್‌ಗೆ ಕೇಳಿಸಿತ್ತು.

"ಸಿದ್ದಾರ್ಥ್‌ಗೆ ಹೇಳ್ತೀನಿ," ಎಂದಳು ಮನೆಗೆ ಬಂದು.

ಈರೇಶ್ ಚಪಾತಿ ಮುರಿಯುವುದನ್ನು ನಿಲ್ಲಿಸಿದ. "ಏನಂತ? ಓನರ್ ಅಮ್ಮ ಕಂಪ್ಲೇಂಟ್ ಕೊಟ್ಟಿಲ್ಲ. ಕೇಸ್ ಹಾಕಲ್ಲ ಅಂತ ಅವರ ಮಗಾನೇ ಹೇಳಿದಾನೆ. ನೀನಾಗೇ ಹೋಗಿ ಹೇಳಿದ್ರೆ ಲೀಗಲ್‌ನವ್ರು ಬರ್ತಾರೆ. ತಪ್ಪು ನಿನ್ನದು ಅಂತ ಬರ್ಕೋತಾರೆ."

"ತಪ್ಪು ನಂದೇ ಅಲ್ವಾ?"

"ನಿಂದೇ ಇರಬಹುದು," ಎಂದ ಈರೇಶ್. "ಆದ್ರೂ ನೀನು ಹೇಳೋ ಮುಂಚೆ ನಾಳೆ ಒಂದಿನ ಯೋಚನೆ ಮಾಡು."

ಅವಳು ಒಂದು ದಿನ ಯೋಚನೆ ಮಾಡಿದಳು. ಯೋಚಿಸಿದಷ್ಟೂ ಹೆದರಿಕೆ ಹೆಚ್ಚಾಯಿತೇ ಹೊರತು ತೀರ್ಮಾನ ಬದಲಾಗಲಿಲ್ಲ.

ಸಿದ್ದಾರ್ಥ್ ಮೊದಲು ಅದನ್ನು ಹಗುರಾಗಿ ತೆಗೆದುಕೊಂಡ. "ಫೋಟೋ ತಗೊಂಡಿದ್ಯಾ?"

"ಇಲ್ಲ. ಕೂತ್ಕೊಂಡು ಬರ್ದಿದ್ದು."

"ಹಾಗಿದ್ರೆ ತಲೆ ಕೆಡಿಸ್ಕೋಬೇಡ. ಹೋಲಿಕೆ ಯಾರದ್ದಾದ್ರೂ ಇದ್ದೇ ಇರುತ್ತೆ. ಆಕಸ್ಮಿಕ."

"ಹೋಲಿಕೆ ಅಲ್ಲ ಸಿದ್ದಾರ್ಥ್. ಅವ್ರೇ ಅದು. ಅವ್ರಿಗೆ ಕಾಣದ ಹಾಗೆ ಮರೇಲಿ ಕೂತು ಬರ್ದೆ."

ಸಿದ್ದಾರ್ಥ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಗಾಜಿನ ಆಚೆ ಹನುಮೇಶ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೆರೆಯೊಡತಿಯ ಕುತ್ತಿಗೆಯ ನರಗಳನ್ನು ತಿದ್ದುತ್ತಿದ್ದ.

"ಇದನ್ನ ನೀನು ನಂಗೆ ಹೇಳಬಾರದಿತ್ತು," ಎಂದ ಸಿದ್ದಾರ್ಥ್. "ಹೇಳಿದ ಮೇಲೆ ನಾನು ಸುಮ್ನಿರೋಕಾಗಲ್ಲ."

"ಅದಕ್ಕೇ ಹೇಳಿದ್ದು."

ಮುಂದಿನದು ಸುಖವಾಗಿರಲಿಲ್ಲ. ಮೇಲಿನವರ ಜೊತೆ ಮೀಟಿಂಗುಗಳು ನಡೆದವು. ಕೆಲವಕ್ಕೆ ಶೀತಲ್‌ಳನ್ನು ಕರೆದರು, ಕೆಲವಕ್ಕೆ ಕರೆಯಲಿಲ್ಲ. ಕೊನೆಗೆ ಟ್ರೇಲರ್ ಹಿಂತೆಗೆದುಕೊಂಡರು, ಆಟದ ಬಿಡುಗಡೆಯನ್ನು ಮುಂದಕ್ಕೆ ಹಾಕಿದರು, ಕೆರೆಯೊಡತಿಗೆ ಹೊಸ ಮುಖ ಬೇಕು ಎಂದರು. ಅದನ್ನು ಶೀತಲ್ಲೇ ಬರೆದುಕೊಡಬೇಕು. ಅದಾದ ಮೇಲೆ ಅವಳು ಪಾತ್ರಗಳ ತಂಡದಲ್ಲಿ ಇರುವುದಿಲ್ಲ, ಮಡಕೆ, ಬಾಗಿಲು, ಬುಟ್ಟಿ ಬರೆಯುವ ತಂಡಕ್ಕೆ ಹೋಗುತ್ತಾಳೆ. ಹನುಮೇಶ ಅವಳ ಜೊತೆ ಮಾತು ಬಿಟ್ಟ. ಅವನ ಇಷ್ಟು ದಿನದ ದುಡಿಮೆ ಕಸದ ಬುಟ್ಟಿಗೆ ಹೋಗಿತ್ತು.

"ಈ ಸಲ ಯಾರ ಮುಖ?" ಎಂದು ಕೇಳಿದ ಸಿದ್ದಾರ್ಥ್. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು. "ಸುಮ್ನೆ ಕಲ್ಪನೆಯಿಂದ ಬರೆದ್ರೆ ಮತ್ತೆ ಅದೇ ಮುಖವಾಡ ಬರುತ್ತೆ. ಯಾರದ್ದೋ ಬರೆದ್ರೆ ಅವರ ಸಹಿ ಬೇಕು."

"ಸಹಿ ಹಾಕೋರು ಒಬ್ರು ಇದಾರೆ," ಎಂದಳು ಶೀತಲ್.

ಅವಳು ಮನೆಯ ಬಚ್ಚಲಿನ ಕನ್ನಡಿಯನ್ನು ಕಳಚಿ ತಂದು ಊಟದ ಮೇಜಿನ ಮೇಲೆ ಗೋಡೆಗೆ ಒರಗಿಸಿದಳು. ಎದುರಿಗೆ ಕೂತು ತನ್ನ ಮುಖಕ್ಕೆ ವಯಸ್ಸು ತುಂಬತೊಡಗಿದಳು. ಗಲ್ಲದ ಕೆಳಗಿನ ಚರ್ಮ ಎಲ್ಲಿ ಜೋಲುತ್ತದೆ, ಕಣ್ಣಿನ ಸುತ್ತ ಗೆರೆ ಯಾವ ದಿಕ್ಕಿಗೆ ಓಡುತ್ತದೆ ಎಂಬುದೆಲ್ಲ ಅವಳಿಗೆ ಕೈಗೆ ಹತ್ತಿದ ವಿದ್ಯೆ. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕಿ ತಯಾರಾಗಿದ್ದಳು. ಮುದುಕಿ ಚೆಂದವಾಗಿದ್ದಳು. ಗಂಭೀರ ಹಣೆ, ನೇರ ಮೂಗು. ಶೀತಲ್ ಅವಳನ್ನು ನೋಡಿದಳು, ಕನ್ನಡಿ ನೋಡಿದಳು.

ಅವಳ ಮೇಲುತುಟಿ ಒಂದು ಕಡೆ ಮೇಲಕ್ಕೆ ಎಳೆದಂತಿತ್ತು. ಹುಟ್ಟುವಾಗ ಸೀಳಿದ್ದ ತುಟಿ. ಕೂಸಿದ್ದಾಗಲೇ ದಾವಣಗೆರೆಯಲ್ಲಿ ಹೊಲಿಸಿದ್ದರು. ಹೊಲಿಗೆ ಚೆನ್ನಾಗಿಯೇ ಕೂಡಿತ್ತು. ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತಾಗುತ್ತಿತ್ತು. ನಗುವಾಗ ಕೈ ಅಡ್ಡ ಹಿಡಿಯುವುದು ಅವಳಿಗೆ ಶಾಲೆಯ ದಿನದಿಂದ ಬಂದ ಅಭ್ಯಾಸ. ಮುದುಕಿಯ ಚಿತ್ರದಲ್ಲಿ ತುಟಿ ಸೊಗಸಾಗಿ, ಎರಡೂ ಕಡೆ ಒಂದೇ ಸಮನಾಗಿತ್ತು. ಯೋಚಿಸಿ ಬಿಟ್ಟದ್ದಲ್ಲ. ಕೈ ತಾನಾಗಿ ಅದನ್ನು ಬಿಟ್ಟು ಮುಂದೆ ಹೋಗಿತ್ತು. ಅಂಜಿನಮ್ಮನ ರೆಪ್ಪೆಯ ಒಂದೊಂದು ಮಡಿಕೆಯನ್ನೂ ಬಿಡದೆ ಹುಡುಕಿ ಬರೆದದ್ದು ಇದೇ ಕೈ.

ಈರೇಶ್ ಬಂದು ಹೆಗಲ ಹಿಂದೆ ನಿಂತ. "ಚೆನ್ನಾಗಿದೆ," ಎಂದ.

"ಚೆನ್ನಾಗಿದೆ. ನಾನಲ್ಲ ಇದು."

ಅವಳು ತುಟಿಯನ್ನು ಅಳಿಸಿದಳು. ಮತ್ತೆ ಬರೆಯಲು ತೊಡಗಿದಳು. ನಾಳೆ ಇದನ್ನು ಹನುಮೇಶ ದೊಡ್ಡದು ಮಾಡಿ ನೋಡುತ್ತಾನೆ. ಆಟದ ನಿಯಮ ಕಟ್ಟುವವರು, ಇಲ್ಲಿಗೇ ಗುರಿ ಇಡೋಣ ಎನ್ನಬಹುದು. ತನಗೆ ಹೆಸರೂ ಗೊತ್ತಿಲ್ಲದ ಊರುಗಳಲ್ಲಿ ಜನ ಸೋಫಾದ ಮೇಲೆ ಕೂತು ಇದನ್ನು ಹೊಡೆಯುತ್ತಾರೆ, ನಗುತ್ತಾರೆ. ಅವಳು ಟ್ಯಾಬ್ಲೆಟ್ಟಿನ ಪೆನ್ನು ಕೆಳಗಿಟ್ಟು ಎದ್ದುಹೋಗಿ ನೀರು ಕುಡಿದಳು. ಬಂದು ಕೂತಳು. ತುಟಿಯ ಹೊಲಿಗೆಯನ್ನು, ಅದರ ಪಕ್ಕದ ಚಿಕ್ಕ ಗಂಟನ್ನು ಇದ್ದದ್ದು ಇದ್ದಂತೆ ಬರೆದಳು. ನಿಧಾನವಾಗಿ ಬರೆಯಬೇಕಾಯಿತು.

ಸಿದ್ದಾರ್ಥ್ ಚಿತ್ರ ನೋಡಿದ, ಅವಳ ಮುಖ ನೋಡಿದ. ಯಾರೆಂದು ಕೇಳಲಿಲ್ಲ. "ಹಳೇದರಷ್ಟು ಹಿಡಿದು ನಿಲ್ಲಿಸಲ್ಲ ಇದು," ಎಂದ ಪ್ರಾಮಾಣಿಕವಾಗಿ. "ಆದ್ರೂ ಇವಳು ಸುಳ್ಳು ಹೇಳ್ತಿಲ್ಲ. ಇರಲಿ."

ಒಪ್ಪಿಗೆಯ ಹಾಳೆಗೆ ಶೀತಲ್ ಸಹಿ ಹಾಕಿದಳು. ಅದೇ ಸಂಜೆ ಅಂಜಿನಮ್ಮನ ಮನೆಗೆ ಹೋಗಿ ಟ್ಯಾಬ್ಲೆಟನ್ನು ಅವಳ ಮುಂದಿಟ್ಟಳು. ಬಿಡುಗಡೆಗೆ ಮೊದಲು ಹೊರಗಿನವರಿಗೆ ತೋರಿಸಬಾರದೆಂಬ ನಿಯಮವಿತ್ತು. ಈ ಒಂದು ಸಲಕ್ಕೆ ಸಿದ್ದಾರ್ಥ್‌ನನ್ನು ಕೇಳಿಕೊಂಡು, ಅವನು ಹೂಂ ಅಂದ ಮೇಲೆಯೇ ತಂದಿದ್ದಳು.

ಅಂಜಿನಮ್ಮ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದ್ಯಾರು?"

"ನಾನೇ. ವಯಸ್ಸಾದ ಮೇಲೆ."

ಅಂಜಿನಮ್ಮ ಕಣ್ಣೆತ್ತಿ ಶೀತಲ್‌ಳ ಬಾಯಿಯನ್ನು ನೋಡಿದಳು. ಶೀತಲ್‌ಳ ಕೈ ಮೇಲಕ್ಕೆದ್ದಿತು. ಅರ್ಧದಲ್ಲಿ ತಡೆದು ತೊಡೆಯ ಮೇಲಿಟ್ಟುಕೊಂಡಳು.

"ನಂದ್ ತೆಗ್ದು ನಿಂದ್ ಆಕ್ಕೊಂಡ್ಯಾ?"

"ಹೌದಮ್ಮ."

"ಅಳೇದು ಅಳ್ಸೋಯ್ತಾ ಪೂರ್ತಿ?"

ಹೌದು ಎನ್ನುವುದು ಸುಲಭವಿತ್ತು. "ನಾವು ತೆಗೆದ್ವಿ. ಆದ್ರೆ ಇಳಿಸಿಕೊಂಡಿರೋರ ಫೋನಲ್ಲಿ ಇದ್ದೇ ಇರುತ್ತೆ. ಅದನ್ನ ನಾನು ಏನೂ ಮಾಡೋಕಾಗಲ್ಲ."

ಅಂಜಿನಮ್ಮ ಟ್ಯಾಬ್ಲೆಟ್ ವಾಪಸ್ ಕೊಟ್ಟಳು. "ನಿನ್ನವ್ವಂಗೆ ಏಳಿದ್ಯಾ, ಇಂಗೆ ಬರ್ಕೊಂಡಿದೀನಿ ಅಂತ?"

"ಇಲ್ಲ."

"ಏಳು. ಆಟ ಬಂದ್ಮೇಲೆ ಯಾರೋ ತೋರ್ಸಿ ಗೊತ್ತಾಗಬಾರ್ದು. ನೀನೇ ಮುಂದಾಗಿ ಏಳು."

ಅದು ಕ್ಷಮೆಯೋ ಅಲ್ಲವೋ ಶೀತಲ್‌ಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಕೇಳಲೂ ಇಲ್ಲ. ಆವತ್ತೇ ಅಮ್ಮ ಕಮಲಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. "ಆ ತುಟೀನ ಯಾರೂ ನೋಡಬಾರ್ದು ಅಂತ ನಾನು ಊರೆಲ್ಲ ತಿರುಗಿ ಡಾಕ್ಟ್ರನ್ನ ಹುಡುಕಿದ್ದೆ ಕಣೆ," ಎಂದಳು ಕಮಲಮ್ಮ. ಅಳುತ್ತಿದ್ದಳು. ಆಮೇಲೆ ಮೂಗು ಒರೆಸಿಕೊಂಡು, ಆಟದಲ್ಲಿ ಆ ಮುದುಕಿ ಎಂಥ ಸೀರೆ ಉಟ್ಟಿದಾಳೆ ಎಂದು ಕೇಳಿದಳು.

ಶೀತಲ್ ಈಗ ಮಡಕೆ, ಬಾಗಿಲುಗಳ ತಂಡದಲ್ಲಿದ್ದಾಳೆ. ಮಡಕೆಗೆ ಯಾರ ಒಪ್ಪಿಗೆಯೂ ಬೇಡ. ಆ ಕೆಲಸ ಅವಳಿಗೆ ಬೇಸರವೇನೂ ಆಗಿಲ್ಲ. ಆದರೆ ಮುಖಗಳನ್ನು ಬಿಟ್ಟಿರಲು ಆಗುವುದಿಲ್ಲ. ಆಫೀಸಿಗೆ ಹೋಗುವ ಮೆಟ್ರೋದಲ್ಲಿ ಎದುರಿಗೆ ಕೂತವರನ್ನು ಕದ್ದು ಬರೆಯುವುದು ಅವಳ ಹಳೆಯ ಚಾಳಿ. ಈಗ ಕೇಳಿ ಬರೆಯುತ್ತಾಳೆ. ಬಹಳ ಜನ ಬೇಡ ಎನ್ನುತ್ತಾರೆ. ಹೂಂ ಎಂದವರು ಕೂದಲು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಫೋಟೋಗೆ ಕೂತವರಂತೆ ಬಿಗಿಯಾಗುತ್ತಾರೆ. ಚಿತ್ರಗಳು ಮೊದಲಿನಷ್ಟು ಚೆನ್ನಾಗಿ ಬರುತ್ತಿಲ್ಲ. ಬಿಗಿ ಸಡಿಲವಾಗುವವರೆಗೆ ಮಾತಾಡಿಸಬೇಕು, ಕಾಯಬೇಕು. ಅಷ್ಟರಲ್ಲಿ ಅವರ ಸ್ಟೇಷನ್ ಬಂದುಬಿಡುತ್ತದೆ.

ಮೊನ್ನೆ ಕುಂದಲಹಳ್ಳಿಯಲ್ಲಿ ಹತ್ತಿದ ಒಬ್ಬ ಹೆಂಗಸು, ಪಕ್ಕದ ಸೀಟಿನ ಮೇಲೆ ಹೂವಿನ ಬುಟ್ಟಿ ಇಟ್ಟುಕೊಂಡವಳು, ಶೀತಲ್‌ಳ ಮಾತು ಪೂರ್ತಿ ಕೇಳಿಸಿಕೊಂಡು, "ಬ್ಯಾಡ ಕಣಮ್ಮ," ಎಂದಳು. ಶೀತಲ್ ಟ್ಯಾಬ್ಲೆಟನ್ನು ಚೀಲಕ್ಕೆ ಹಾಕಿಕೊಂಡು, ಸೇವಂತಿಗೆ ಈ ಸಲ ಎಲ್ಲಿಂದ ಬರುತ್ತಿದೆ ಎಂದು ಕೇಳಿದಳು. ಹೆಂಗಸು ಬುಟ್ಟಿಯನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.